ಚೆನ್ನಾಗಿ ಆಡುವ ಹುಡುಗನಿಗೆ ಸಿಸ್ಟಮ್ ಬೇಕಾ, ಅವನ ಪಾಡಿಗೆ ಬಿಟ್ಟರೆ ಸಾಕಾ?

ಸಂಜೆ_ಗ್ರೌಂಡ್

ಎಲ್ಲರಿಗೂ ನಮಸ್ಕಾರ. ನಾನು ಕೋಚ್ ಅಲ್ಲ, ಮೊದಲೇ ಹೇಳಿಬಿಡುತ್ತೇನೆ. ಕಾಲೇಜಿನಲ್ಲಿ ಬಾಸ್ಕೆಟ್‌ಬಾಲ್ ಆಡಿದ್ದೆ, ಅಷ್ಟೆ. ಈಗ ಹಾಸನದ ಕಡೆ ಒಂದು ಸಣ್ಣ ಊರಲ್ಲಿದ್ದೇನೆ. ಕೆಲಸ ಮುಗಿದ ಮೇಲೆ ಸಂಜೆ 12ರಿಂದ 14 ವರ್ಷದ ಹನ್ನೆರಡು ಹುಡುಗರಿಗೆ ಆಡಿಸುತ್ತೇನೆ. ಸಿಮೆಂಟ್ ಕೋರ್ಟ್. ಒಂದು ಕಡೆಯ ರಿಂಗ್ ಬಗ್ಗಿದೆ, ನೆಟ್ ಎರಡೂ ಕಡೆ ಇಲ್ಲ.

ಅದರಲ್ಲಿ ಒಬ್ಬ ಇದ್ದಾನೆ. ಇಲ್ಲಿ ಅವನನ್ನು ಮಿಂಚು ಅಂತ ಕರೆಯುತ್ತೇನೆ. ಎಡಗೈ, ಬಲಗೈ ಎರಡರಲ್ಲೂ ಡ್ರಿಬಲ್ ಮಾಡುತ್ತಾನೆ. ನಾನು ಹೇಳಿಕೊಟ್ಟಿದ್ದಲ್ಲ, ಮೊಬೈಲ್ ನೋಡಿ ಕಲಿತದ್ದು. ನಮ್ಮ ಗ್ರೌಂಡಿನಲ್ಲಿ ಅವನನ್ನು ಯಾರೂ ತಡೆಯೋಕೆ ಆಗಲ್ಲ.

ಕಳೆದ ಭಾನುವಾರ ಒಂದು ಟೂರ್ನಮೆಂಟಿಗೆ ಹೋಗಿದ್ದೆವು. ಮೊದಲ ಐದು ನಿಮಿಷದಲ್ಲಿ ಮಿಂಚು ಒಬ್ಬನೇ 8 ಪಾಯಿಂಟ್ ಹೊಡೆದ. ಆಮೇಲೆ ಎದುರು ಟೀಮಿನ ಕೋಚ್ ಬೆಂಚಿನಿಂದ ಏನೋ ಒಂದು ಮಾತು ಕೂಗಿದರು. ಇಬ್ಬರು ಹುಡುಗರು ಬಂದು ಇವನಿಗೆ ಅಂಟಿಕೊಂಡರು. ಅಲ್ಲಿಂದ ಮ್ಯಾಚ್ ಮುಗಿಯೋವರೆಗೆ ಇವನಿಗೆ ಸಿಕ್ಕಿದ್ದು 6 ಪಾಯಿಂಟ್. ಮಿಕ್ಕ ನಾಲ್ವರು ನಿಂತ ಜಾಗದಲ್ಲೇ ಕೈ ಎತ್ತಿ "ಕೊಡೋ, ಕೊಡೋ" ಅಂತ ಕೂಗುತ್ತಿದ್ದರು. 41–18ಕ್ಕೆ ಸೋತೆವು.

ಮನೆಗೆ ಬಂದು ರಾತ್ರಿಯೆಲ್ಲ ಟ್ರಯಾಂಗಲ್ ಅಫೆನ್ಸ್ (ಮೂವರು ತ್ರಿಕೋನದ ಹಾಗೆ ನಿಂತು ಶುರು ಮಾಡುವ ಆಟದ ಪದ್ಧತಿ) ವಿಡಿಯೋ ನೋಡಿದೆ. ಮಾರನೇ ದಿನ ಕೋರ್ಟ್ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿದೆ. ಹುಡುಗರು ಕುಂಟೆಬಿಲ್ಲೆ ಆಡುವವರ ಹಾಗೆ ಒಂದೊಂದು ಗುರುತಿನ ಮೇಲೆ ನಿಂತರು. ಯಾರೂ ಅಲ್ಲಾಡಲಿಲ್ಲ. ಗೆರೆ ತುಳಿದರೆ ಔಟಾ ಸರ್ ಅಂತ ಒಬ್ಬ ಕೇಳಿದ.

ಈಗ ಪ್ರಶ್ನೆ ಇಷ್ಟೆ. ಸಿಸ್ಟಮ್ ಅಂತಾರಲ್ಲ, ಇಡೀ ಟೀಮಿಗೆ ಒಂದೇ ಆಟದ ಪದ್ಧತಿ, ಅದು ಆಟಗಾರನಿಗೆ ನಿಜವಾಗಿ ಏನು ಮಾಡುತ್ತೆ? ಮಿಂಚುವಿಗೆ ಮೂಗುದಾರ ಹಾಕಬೇಕಾ, ಹಾಗೇ ಬಿಡಬೇಕಾ?

ರಾತ್ರಿಪಾಳಿ

ಗುರು, ಸಿಸ್ಟಮ್ ಎಲ್ಲ ಪುಸ್ತಕದ ಬದನೇಕಾಯಿ. ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಯಲ್ಲಿ ಕೋಚ್ ಫಿಲ್ ಜಾಕ್ಸನ್ 11 ಸಲ ಕಪ್ ಗೆದ್ದರು ಅಂತ ಕುಣಿಯುತ್ತಾರೆ. ಜೋರ್ಡನ್, ಪಿಪ್ಪೆನ್, ಶಾಕ್, ಕೋಬಿ ಥರದ ಸ್ಟಾರ್‌ಗಳು ಇದ್ದರೆ ನಮ್ಮ ಬೀದಿ ಟೀ ಅಂಗಡಿಯವನೂ ಗೆಲ್ಲುತ್ತಿದ್ದ. ನಿಮ್ಮ ಮಿಂಚುವಿನ ಪಕ್ಕ ಇನ್ನೊಬ್ಬ ಮಿಂಚು ಹುಡುಕಿ, ಸಮಸ್ಯೆ ಮುಗೀತು.

ಟೆಕ್ಸಾಸ್_ಕನ್ನಡಿಗ

ರಾತ್ರಿಪಾಳಿಯವರೇ, ಜೋರ್ಡನ್ ಇದ್ದೂ ಗೆಲ್ಲದ ವರ್ಷಗಳನ್ನು ಸ್ವಲ್ಪ ನೋಡೋಣ.

1986–87ರಲ್ಲಿ ಜೋರ್ಡನ್ ಸರಾಸರಿ ಮ್ಯಾಚಿಗೆ 37.1 ಪಾಯಿಂಟ್ ಹೊಡೆದ. ಅವನ ಇಡೀ ವೃತ್ತಿಯಲ್ಲೇ ಅದು ಅತಿ ಹೆಚ್ಚು. ಆ ವರ್ಷ ಷಿಕಾಗೋ ಬುಲ್ಸ್ ಮೊದಲ ಸುತ್ತಿನಲ್ಲೇ ಬೋಸ್ಟನ್ ಕೈಯಲ್ಲಿ ಮೂರಕ್ಕೆ ಮೂರೂ ಮ್ಯಾಚ್, 3–0 ಸೋತು ಮನೆಗೆ ಬಂತು. ಆಮೇಲೆ 1988, 89, 90, ಮೂರು ವರ್ಷ ಸಾಲಾಗಿ ಡೆಟ್ರಾಯಿಟ್ ಪಿಸ್ಟನ್ಸ್ ಹೊರಗೆ ಹಾಕಿತು. ಪಿಸ್ಟನ್ಸ್ ಮಾಡಿದ್ದು ನಿಮ್ಮ ಭಾನುವಾರದ ಎದುರಾಳಿ ಮಾಡಿದ್ದನ್ನೇ, ಇನ್ನಷ್ಟು ಒರಟಾಗಿ. ಅದಕ್ಕೆ ಜೋರ್ಡನ್ ರೂಲ್ಸ್ ಅಂತ ಹೆಸರೇ ಬಿತ್ತು. ಬಾಲ್ ಅವನ ಕೈಗೆ ಬಂದರೆ ಇಬ್ಬರು ಹೋಗು, ಒಳಗೆ ನುಗ್ಗಿದರೆ ಮೈಮೇಲೆ ಬೀಳು.

ಟೆಕ್ಸ್ ವಿಂಟರ್ ಅಂತ ಒಬ್ಬ ಹಿರಿಯರು 1985ರಿಂದ ಬುಲ್ಸ್ ಬೆಂಚಿನಲ್ಲೇ ಸಹಾಯಕ ಕೋಚ್ ಆಗಿ ಕೂತಿದ್ದರು. ಟ್ರಯಾಂಗಲ್ ಬಗ್ಗೆ 1962ರಲ್ಲೇ ಪುಸ್ತಕ ಬರೆದವರು. ಆದರೆ ಟೀಮ್ ಅದನ್ನು ಆಡುತ್ತಿರಲಿಲ್ಲ. 1989ರಲ್ಲಿ ಫಿಲ್ ಜಾಕ್ಸನ್ ಮುಖ್ಯ ಕೋಚ್ ಆದ ಮೇಲೆ ಅದು ಕೋರ್ಟಿಗಿಳಿಯಿತು. ಜೋರ್ಡನ್ ಸರಾಸರಿ 1989–90ರಲ್ಲಿ 33.6, ಅದರ ಮುಂದಿನ ವರ್ಷ 31.5. ಇಳೀತು. ಅದೇ ವರ್ಷ, 1991ರಲ್ಲಿ, ಬುಲ್ಸ್ ಪಿಸ್ಟನ್ಸನ್ನು 4–0 ಮಾಡಿ ಮೊದಲ ಕಪ್ ಎತ್ತಿತು.

ಜಾಕ್ಸನ್ ಆಮೇಲೆ ಹೋದ ಲಾಸ್ ಏಂಜಲೀಸ್ ಲೇಕರ್ಸ್ ಕಥೆಯೂ ಅದೇ. 1999ರಲ್ಲೂ ಶಾಕ್, ಕೋಬಿ ಇಬ್ಬರೂ ಇದ್ದರು. ಸ್ಯಾನ್ ಆಂಟೋನಿಯೋ ಸ್ಪರ್ಸ್ ಎರಡನೇ ಸುತ್ತಿನಲ್ಲಿ 4–0 ಮಾಡಿ ಕಳಿಸಿತು. ಜಾಕ್ಸನ್ ಬಂದ ಮೊದಲ ವರ್ಷವೇ 67 ಗೆಲುವು, ಕಪ್.

ಸಂಜೆ_ಗ್ರೌಂಡ್ ಅವರೇ, ಸೀಮೆಸುಣ್ಣದ ವಿಷಯ ಓದಿ ನಕ್ಕುಬಿಟ್ಟೆ, ಬೇಜಾರಾಗಬೇಡಿ. ಟ್ರಯಾಂಗಲ್‌ನಲ್ಲಿ ಒಂದು ಕಡೆ ಮೂವರು ಇರುತ್ತಾರೆ: ಒಬ್ಬ ಮೂಲೆ, ಒಬ್ಬ ಪಕ್ಕ, ಒಬ್ಬ ರಿಂಗ್ ಹತ್ತಿರದ ಪೋಸ್ಟ್. ಆಚೆ ಕಡೆ ಇಬ್ಬರು. ಇಷ್ಟೇ ನೀವು ಬರೆದದ್ದು, ಅಲ್ವಾ? ಆದರೆ ನಿಂತ ಜಾಗ ಬರೀ ಶುರು. ಪಾಸ್ ಹೋದ ಮೇಲೆ ಎದುರಾಳಿ ಎಲ್ಲಿ ವಾಲಿದ ಅಂತ ನೋಡಿ ಐವರೂ ಒಂದೇ ಉತ್ತರಕ್ಕೆ ಬರಬೇಕು. ಅವನು ಮುಂದೆ ಬಂದರೆ ಹಿಂದಿನಿಂದ ಓಡು. ಹಿಂದೆ ಸರಿದರೆ ಶೂಟ್ ಮಾಡು. ಕೋಚ್ ಏನೂ ಕೂಗೋದಿಲ್ಲ. ಜೋರ್ಡನ್ನಿಗೆ ಇದರಿಂದ ಆದ ಲಾಭ ಏನು ಅಂದರೆ, ಇಬ್ಬರು ಮೈಮೇಲೆ ಬಂದಾಗ ಮಿಕ್ಕ ನಾಲ್ವರು ಎಲ್ಲಿರುತ್ತಾರೆ ಅಂತ ಕಣ್ಣು ಮುಚ್ಚಿ ಗೊತ್ತು.

1991ರ ಫೈನಲ್ ಐದನೇ ಮ್ಯಾಚ್ ಸಿಕ್ಕರೆ ನೋಡಿ. ಟೈಮ್‌ಔಟಿನಲ್ಲಿ ಜಾಕ್ಸನ್ ಜೋರ್ಡನ್ನಿಗೆ ಯಾರು ಖಾಲಿ ಇದ್ದಾರೆ ಅಂತ ಪದೇ ಪದೇ ಕೇಳಿದರಂತೆ. "ಪ್ಯಾಕ್ಸನ್" ಅಂದನಂತೆ ಜೋರ್ಡನ್. ಕೊನೆಯ ನಾಲ್ಕು ನಿಮಿಷದಲ್ಲಿ ಆ ಜಾನ್ ಪ್ಯಾಕ್ಸನ್ 10 ಪಾಯಿಂಟ್ ಹೊಡೆದ. ಮಾತಾಡದ, ನೆಗೆಯದ, ಖಾಲಿ ನಿಂತಾಗ ಮಾತ್ರ ಶೂಟ್ ಮಾಡುವ ಮನುಷ್ಯ.

ರಾತ್ರಿಪಾಳಿ

ಸರಿ ಸ್ವಾಮಿ, ಒಪ್ಪಿದೆ. ಹಾಗಾದರೆ ಇದೇ ಜಾಕ್ಸನ್ 2014ರಲ್ಲಿ ನ್ಯೂಯಾರ್ಕ್ ನಿಕ್ಸಿಗೆ ಅಧ್ಯಕ್ಷರಾಗಿ ಬಂದು ಅದೇ ಟ್ರಯಾಂಗಲ್ ಆಡಿಸಿದರಲ್ಲ? ಮೊದಲ ಪೂರ್ತಿ ಸೀಸನ್ 17 ಗೆಲುವು, 65 ಸೋಲು. ತ್ರಿಕೋನ ಚೌಕ ಆಯ್ತಾ?

ಟೆಕ್ಸಾಸ್_ಕನ್ನಡಿಗ

ಹ್ಹ ಹ್ಹ. ಅದಕ್ಕೆ ನನ್ನ ಹತ್ತಿರ ಪೂರ್ತಿ ಉತ್ತರ ಇದೆ ಅಂತ ಹೇಳಲ್ಲ. ಅಷ್ಟು ಹೊತ್ತಿಗೆ ಆಟವೇ ಬದಲಾಗಿತ್ತು, ಎಲ್ಲರೂ ದೂರದಿಂದ ಮೂರು ಪಾಯಿಂಟ್ ಹೊಡೆಯೋಕೆ ಶುರು ಮಾಡಿದ್ದರು. ಕೈಯಲ್ಲಿ ಸುತ್ತಿಗೆ ಇದೆ ಅಂತ ತಿರುಪಿಗೂ ಅದನ್ನೇ ಹೊಡೆದ ಹಾಗಾಯ್ತು.

ಉಲ್ಟಾ ಮಾಡಿದವರನ್ನು ನೋಡಿ. ಆಗ ಡೆನ್ವರ್ ಕೋಚ್ ಆಗಿದ್ದ ಮೈಕಲ್ ಮಲೋನ್. 2014ರ ಡ್ರಾಫ್ಟಿನಲ್ಲಿ (ಟೀಮುಗಳು ಸರದಿಯಲ್ಲಿ ಹೊಸ ಆಟಗಾರರನ್ನು ಆರಿಸಿಕೊಳ್ಳೋದು) 41ನೆಯವನಾಗಿ ಸಿಕ್ಕ ನಿಕೋಲಾ ಯೋಕಿಚ್ ಅವರ ಟೀಮಿನಲ್ಲಿದ್ದ. ದಪ್ಪ, ನಿಧಾನ, ನೆಗೆತ ಇಲ್ಲ. ಆದರೆ ಪಾಸ್ ಮಾತ್ರ ಯಾರೂ ನೋಡಿರದ ಪಾಸ್. 2016ರ ಡಿಸೆಂಬರಿನಲ್ಲಿ ಮಲೋನ್ ಇನ್ನೊಬ್ಬ ಎತ್ತರದ ಆಟಗಾರ ನುರ್ಕಿಚನ್ನು ಬೆಂಚಿಗೆ ಕಳಿಸಿ, ಇಡೀ ಆಟವನ್ನು ಯೋಕಿಚ್ ಸುತ್ತ ಕಟ್ಟಿದರು. ಸೆಂಟರ್ ಆಟಗಾರನ (ರಿಂಗ್ ಹತ್ತಿರ ಆಡುವ ಎತ್ತರದವನು) ಕೈಗೆ ಬಾಲ್ ಕೊಟ್ಟು ಮಿಕ್ಕವರನ್ನು ಓಡಾಡಿಸಿದರು. ಅವನು 2021, 2022, 2024ರಲ್ಲಿ ಎಂವಿಪಿ, ಅಂದರೆ ಲೀಗಿನ ಅತ್ಯುತ್ತಮ ಆಟಗಾರ ಆದ. 2023ರಲ್ಲಿ ಕಪ್.

ಅಲ್ಲಿ ನೆಗೆತ ಕಲಿಸೋಕೆ ಯಾರೂ ಟೈಮ್ ಹಾಳು ಮಾಡಲಿಲ್ಲ.

ಹೊಸಬ_ನಾನು

ಅಂದರೆ ಸ್ಟಾರ್ ಇದ್ದರೆ ಅವನ ಸುತ್ತ ಸಿಸ್ಟಮ್. ಸ್ಟಾರ್ ಅಲ್ಲದವರ ಗತಿ?

ಪಿವಟ್_ಅಕ್ಕ

ಈ ಪ್ರಶ್ನೆಗೇ ಕಾಯುತ್ತಿದ್ದೆ. ನಾನು ಯೂನಿವರ್ಸಿಟಿ ಟೀಮಿಗೆ ಆಡಿದವಳು, ಸ್ಟಾರ್ ಅಲ್ಲದವಳು. ಹಾಗಾಗಿ ನನ್ನ ದೇವರು ಬೇರೆ. ಬ್ರೂಸ್ ಬೋವೆನ್.

ಬೋವೆನ್‌ನನ್ನು ಡ್ರಾಫ್ಟಿನಲ್ಲಿ ಯಾರೂ ತಗೊಳ್ಳಲಿಲ್ಲ. ಫ್ರಾನ್ಸಿಗೆ ಹೋಗಿ ಆಡಿದ. ಅಲ್ಲಿ ಇಲ್ಲಿ ಸುತ್ತಿ 2001ರಲ್ಲಿ ಸ್ಯಾನ್ ಆಂಟೋನಿಯೋ ಸ್ಪರ್ಸಿಗೆ ಬಂದ. ಅಲ್ಲಿ ಕೋಚ್ ಗ್ರೆಗ್ ಪೊಪೊವಿಚ್ ಅವನಿಗೆ ಕೊಟ್ಟ ಕೆಲಸ ಎರಡೇ. ಒಂದು, ಎದುರು ಟೀಮಿನ ಅತಿ ಒಳ್ಳೆ ಆಟಗಾರನ ಪ್ರಾಣ ತಿನ್ನು. ಎರಡು, ನಮ್ಮ ಆಟ ನಡೆಯುವಾಗ ಮೂಲೆಯಲ್ಲಿ ನಿಲ್ಲು. ಬಾಲ್ ಬಂದರೆ ಶೂಟ್ ಮಾಡು.

ಯಾಕೆ ಮೂಲೆ? ಎನ್‌ಬಿಎ ಕೋರ್ಟಿನಲ್ಲಿ ಮೂರು ಪಾಯಿಂಟಿನ ಗೆರೆ ಎದುರಿನಿಂದ 23 ಅಡಿ 9 ಇಂಚು ದೂರ, ಮೂಲೆಯಲ್ಲಿ 22 ಅಡಿ. ಒಂದೂ ಮುಕ್ಕಾಲು ಅಡಿ ಹತ್ತಿರ. ಅದೂ ಅಲ್ಲದೆ ಸ್ಪರ್ಸಿನ ಸ್ಟಾರ್ ಟಿಮ್ ಡಂಕನ್ ರಿಂಗ್ ಹತ್ತಿರ ಬಾಲ್ ಹಿಡಿದರೆ ಎರಡನೆಯವನು ಸಹಾಯಕ್ಕೆ ಓಡಲೇಬೇಕು. ಅವನು ಬಿಟ್ಟು ಹೋಗೋದು ಬೋವೆನ್‌ನನ್ನು. ಅಂದರೆ ಆ ಮೂಲೆಯಲ್ಲಿ ನಿಂತವನಿಗೆ ದಿನಾ ಒಂದೇ ಥರದ ಶಾಟ್, ಒಂದೇ ಜಾಗದಿಂದ, ಯಾರೂ ಮುಂದೆ ಇಲ್ಲದೆ.

ಈಗ ಮಜಾ ಕೇಳಿ. 2002–03ರಲ್ಲಿ ಮೂರು ಪಾಯಿಂಟ್ ಶೂಟಿಂಗಿನಲ್ಲಿ ಇಡೀ ಎನ್‌ಬಿಎಗೆ ಮೊದಲು ಬಂದವನು ಬೋವೆನ್, ನೂರಕ್ಕೆ 44.1. ಅದೇ ಸೀಸನ್ನಿನಲ್ಲಿ ಅವನ ಫ್ರೀ ಥ್ರೋ ಎಷ್ಟು ಗೊತ್ತಾ? ನೂರಕ್ಕೆ 40.4! ಫ್ರೀ ಥ್ರೋ ಅಂದರೆ 15 ಅಡಿ. ಕೈ ಅಡ್ಡ ಇಡುವವರಿಲ್ಲ, ಆರಾಮಾಗಿ ಉಸಿರು ಬಿಟ್ಟು ಹೊಡೆಯಬಹುದು. ಅಲ್ಲಿ ಹಾಕೋಕೆ ಬಾರದವನು 22 ಅಡಿಯಿಂದ ಜಗತ್ತಿನ ಒಳ್ಳೊಳ್ಳೆ ಶೂಟರುಗಳನ್ನು ಹಿಂದೆ ಹಾಕಿದ.

ಸಿಸ್ಟಮ್ ಏನು ಮಾಡುತ್ತೆ ಅಂತ ಕೇಳಿದಿರಲ್ಲ ಸಂಜೆ_ಗ್ರೌಂಡ್ ಅವರೇ, ನನಗೆ ಕಾಣೋದು ಇದು. ಆಟಗಾರನಿಗೆ ಕೈ ಹೊಸದು ಕೊಡೋದಿಲ್ಲ. ನೂರು ಪ್ರಶ್ನೆಯ ಪತ್ರಿಕೆ ಬದಲು ಎರಡು ಪ್ರಶ್ನೆ ಕೊಡುತ್ತೆ, ಆ ಎರಡೇ ಪ್ರಶ್ನೆ ಪ್ರತಿ ಮ್ಯಾಚಿನಲ್ಲೂ ಬರುವ ಹಾಗೆ ನೋಡಿಕೊಳ್ಳುತ್ತೆ. ಮಿಂಚುವಿನದ್ದು ಆಮೇಲೆ. "ಕೊಡೋ ಕೊಡೋ" ಅಂತ ಕೂಗುವ ನಾಲ್ವರಿಗೆ ಅವರ ಎರಡು ಪ್ರಶ್ನೆ ಯಾವುದು?

ಸಂಜೆ_ಗ್ರೌಂಡ್

ಅಕ್ಕ, ಈ ಫ್ರೀ ಥ್ರೋ ಲೆಕ್ಕ ಓದಿ ಎರಡು ಸಲ ನೋಡಿದೆ. ನಿಜಾನಾ?

ನಮ್ಮಲ್ಲಿ ಒಬ್ಬ ಪುಟಾಣಿ ಇದ್ದಾನೆ, ಕನ್ನಡಕದವನು. ಡ್ರಿಬಲ್ ಬರಲ್ಲ. ಅವನಿಗೆ ಬಾಲ್ ಕೊಟ್ಟರೆ ಕಿತ್ತುಕೊಳ್ಳುತ್ತಾರೆ ಅಂತ ಯಾರೂ ಕೊಡಲ್ಲ. ಯೋಚನೆ ಬಂತು, ಅಷ್ಟೆ.

ಪಿವಟ್_ಅಕ್ಕ

ನಿಜ, ನಿಜ. ಆದರೆ ಒಂದು ಎಚ್ಚರಿಕೆಯೂ ಕೇಳಿ, ಇದು ನನ್ನ ಸ್ವಂತ ಗಾಯ.

ನಾನು ಆಡುತ್ತಿದ್ದ ಒಂದು ಟೀಮಿನಲ್ಲಿ (ಹೆಸರು ಬೇಡ) ಸರ್ ನನಗೆ ಮೊದಲ ದಿನವೇ ಹೇಳಿದ್ದು: ರಿಬೌಂಡ್ (ಶಾಟ್ ತಪ್ಪಿ ವಾಪಸ್ ಬಂದ ಬಾಲ್) ಹಿಡಿ, ಗಾರ್ಡ್ (ಬಾಲ್ ಮುಂದಕ್ಕೆ ಒಯ್ಯುವವಳು) ಕೈಗೆ ಕೊಡು, ಶೂಟ್ ಮಾತ್ರ ಮಾಡಬೇಡ. ಮೊದಲ ವರ್ಷ ಅದರಿಂದ ನನಗೆ ತುಂಬಾ ಒಳ್ಳೆಯದಾಯ್ತು. ಭಯ ಹೋಯ್ತು. ಟೀಮಿನಲ್ಲಿ ಜಾಗ ಸಿಕ್ಕಿತು. ಎರಡನೇ ವರ್ಷವೂ ಅದೇ. ಮೂರನೇ ವರ್ಷವೂ ಅದೇ! ರಿಂಗ್ ಕೆಳಗೆ ಖಾಲಿ ನಿಂತಿದ್ದರೂ ಕೈ ತಾನಾಗಿ ಪಾಸ್ ಹುಡುಕುತ್ತಿತ್ತು. ಒಂದು ಸೆಮಿಫೈನಲ್‌ನಲ್ಲಿ ಒಂದು ಪಾಯಿಂಟ್ ಹಿಂದಿದ್ದೆವು. ಬಾಲ್ ನನ್ನ ಕೈಯಲ್ಲಿ, ರಿಂಗ್ ಮೂರಡಿ ದೂರ, ಮುಂದೆ ಯಾರೂ ಇಲ್ಲ. ನಾನು ತಿರುಗಿ ಗಾರ್ಡನ್ನು ಹುಡುಕಿದೆ. ಸೀಟಿ ಬಿತ್ತು.

ಇವತ್ತಿಗೂ ಕೆಲವು ರಾತ್ರಿ ಆ ಬಾಲ್ ಕೈಯಲ್ಲಿರುತ್ತೆ.

ಸ್ಪರ್ಸ್ ಮಾಡಿದ್ದು ಇದರ ಉಲ್ಟಾ. ಕವಾಯ್ ಲೆನರ್ಡ್ 2011ರಲ್ಲಿ 15ನೆಯವನಾಗಿ ಡ್ರಾಫ್ಟ್ ಆದ. ತಮಗೆ ಇಷ್ಟವಾಗಿದ್ದ ಜಾರ್ಜ್ ಹಿಲ್‌ನನ್ನು ಕೊಟ್ಟು ಸ್ಪರ್ಸ್ ಅವನನ್ನು ತಂದಿತು. ಕಾಲೇಜಿನ ಎರಡು ವರ್ಷದಲ್ಲಿ ಮೂರು ಪಾಯಿಂಟ್ ನೂರಕ್ಕೆ 25 ಹಾಕಿದ್ದ. ಚಿಪ್ ಎಂಗೆಲ್ಯಾಂಡ್ ಅಂತ ಅಲ್ಲಿನ ಶೂಟಿಂಗ್ ಕೋಚ್. ಅವರು ಹುಡುಗನ ಶಾಟ್ ಪೂರ್ತಿ ಬಿಚ್ಚಿ ಹಾಕಲಿಲ್ಲ, ಬಾಲ್ ಕೈ ಬಿಡುವ ಜಾಗವನ್ನು ತಿದ್ದಿದರು. ಮೊದಲ ಸೀಸನ್ನಿನಲ್ಲೇ 37.6. ಶುರುವಿನಲ್ಲಿ ಅವನಿಗೂ ಬೋವೆನ್ ಕೆಲಸವೇ: ಎದುರಿನ ಸ್ಟಾರನ್ನು ತಡೆ, ಮೂಲೆಯಲ್ಲಿ ನಿಲ್ಲು. ಆದರೆ ಆ ಮೂಲೆ ಅವನಿಗೆ ಜೈಲಾಗಲಿಲ್ಲ. ವರ್ಷದಿಂದ ವರ್ಷಕ್ಕೆ ಕೆಲಸ ದೊಡ್ಡದಾಗುತ್ತಾ ಹೋಯ್ತು. 2014ರ ಫೈನಲ್‌ನಲ್ಲಿ 22ರ ವಯಸ್ಸಿಗೆ ಎಂವಿಪಿ ಆದ.

ರಾತ್ರಿಪಾಳಿ

ಅಕ್ಕ, ಆ ಸೆಮಿಫೈನಲ್ ಓದಿ ಬೇಜಾರಾಯ್ತು. ನನ್ನ ಬಾಯಿ ಮುಚ್ಚಿಸಿದಿರಿ. (ಹತ್ತು ನಿಮಿಷಕ್ಕೆ.)

ಗಣಿತ_ಮೇಡಂ

ನನಗೆ ಬಾಸ್ಕೆಟ್‌ಬಾಲ್ ಅಷ್ಟಾಗಿ ಗೊತ್ತಿಲ್ಲ, ಮಗಳು ಆಡುತ್ತಾಳೆ. ಆದರೆ ಪಾಠ ಮಾಡೋದು 19 ವರ್ಷದಿಂದ ಗೊತ್ತು. ಬಿ.ಎಡ್. ಮುಗಿದ ಎಷ್ಟೋ ವರ್ಷದ ನಂತರ ಒಂದು ಅಧ್ಯಯನ ಓದಿದ್ದೆ, ಅದು ಇಲ್ಲಿಗೆ ಸರಿಯಾಗಿ ಕೂರುತ್ತೆ.

ಜಾನ್ ವುಡನ್ ಅಂತ ಅಮೆರಿಕದ ಕಾಲೇಜು ಕೋಚ್. ಯುಸಿಎಲ್‌ಎ ಟೀಮಿಗೆ 12 ವರ್ಷದಲ್ಲಿ 10 ಸಲ ರಾಷ್ಟ್ರೀಯ ಪ್ರಶಸ್ತಿ ತಂದುಕೊಟ್ಟವರು. ಕೋಚ್ ಆಗಿ ಹೆಸರು ಮಾಡುವ ಮುಂಚೆ ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟ್ರು. ಅವರ ಕೊನೆಯ ಸೀಸನ್, 1974–75ರಲ್ಲಿ, ಥಾರ್ಪ್ ಮತ್ತು ಗ್ಯಾಲಿಮೋರ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಪ್ರಾಕ್ಟೀಸಿಗೆ ಹೋಗಿ ಕೂತು, ಅವರು ಆಡುವ ಒಂದೊಂದು ಮಾತನ್ನೂ ಬರೆದುಕೊಂಡರು. ಒಟ್ಟು 2,326.

ಅದರಲ್ಲಿ ಶಹಬ್ಬಾಸ್ ಅನ್ನೋ ಥರದ್ದು ನೂರಕ್ಕೆ ಏಳು. ಬೈದದ್ದು, ಮುಖ ಸಿಂಡರಿಸಿದ್ದು ಇನ್ನೊಂದು ಏಳರ ಹತ್ತಿರ. ನೂರಕ್ಕೆ 75ರಷ್ಟು ಬರೀ ವಿಷಯ. ಏನು ಮಾಡಬೇಕು, ಹೇಗೆ ಮಾಡಬೇಕು, ಯಾವಾಗ. ಬಾಲ್ ಎರಡೂ ಕೈಯಲ್ಲಿ ಹಿಡಿ, ಪಾಸ್ ಎದೆ ಎತ್ತರಕ್ಕೆ ಕೊಡು, ಇಂಥವು. ತಪ್ಪಾದರೆ ನಿಲ್ಲಿಸಿ ಸರಿ ಹೇಗೆ ಅಂತ ತೋರಿಸುತ್ತಿದ್ದರು, ಹುಡುಗ ಮಾಡಿದ್ದು ಹೇಗೆ ಅಂತ ತೋರಿಸುತ್ತಿದ್ದರು, ಮತ್ತೆ ಸರಿ ಹೇಗೆ ಅಂತ ತೋರಿಸುತ್ತಿದ್ದರು. ಕೆಲವೇ ಸೆಕೆಂಡು. ಮುಂದಕ್ಕೆ ಹೋಗು.

ಇದನ್ನು ಓದಿದ ಮೇಲೆ ಒಂದು ದಿನ ನನ್ನ ಕ್ಲಾಸನ್ನೇ ಫೋನಿನಲ್ಲಿ ರೆಕಾರ್ಡ್ ಮಾಡಿದೆ. ನಲವತ್ತು ನಿಮಿಷದಲ್ಲಿ "ಗಮನ ಎಲ್ಲಿದೆ?" ಅಂತ 14 ಸಲ ಕೇಳಿದ್ದೆ. ಗಮನ ಎಲ್ಲಿಡಬೇಕು ಅಂತ ಒಂದು ಸಲವೂ ಹೇಳಿರಲಿಲ್ಲ.

ಸಂಜೆ_ಗ್ರೌಂಡ್ ಸರ್, ಒಂದು ಸಂಜೆ ಫೋನ್ ಆನ್ ಮಾಡಿ ಜೇಬಿನಲ್ಲಿಡಿ. ಮನೆಗೆ ಬಂದು ಎಣಿಸಿ.

ಹೊಸಬ_ನಾನು

ಸಾಕ್ಸ್ ಹಾಕೋದು ಹೇಳಿಕೊಡುತ್ತಿದ್ದವರು ಇವರೇ ಅಲ್ವಾ?

ಗಣಿತ_ಮೇಡಂ

ಇವರೇ. ಮೊದಲ ದಿನದ ಪಾಠ ಅದು. ಸಾಕ್ಸ್ ಮಡಿಕೆ ಬಿದ್ದರೆ ಬೊಬ್ಬೆ ಏಳುತ್ತೆ, ಬೊಬ್ಬೆ ಎದ್ದರೆ ಆಡೋಕಾಗಲ್ಲ. ದೇಶಕ್ಕೇ ಹೆಸರಾದ ಹುಡುಗರು ಕೂತು ಹಿಮ್ಮಡಿ, ಕಿರುಬೆರಳಿನ ಹತ್ತಿರ ಸಾಕ್ಸ್ ಎಳೆದು ಸರಿ ಮಾಡಿಕೊಳ್ಳುತ್ತಿದ್ದರು.

ಸಂಜೆ_ಗ್ರೌಂಡ್

ನಮ್ಮಲ್ಲಿ ಅರ್ಧ ಜನಕ್ಕೆ ಸಾಕ್ಸೇ ಇಲ್ಲ ಮೇಡಂ. ಆದರೆ ರೆಕಾರ್ಡ್ ಮಾಡುತ್ತೇನೆ. ಭಯ ಆಗ್ತಿದೆ.

ಟೆಕ್ಸಾಸ್_ಕನ್ನಡಿಗ

ಅಕ್ಕ 2014ರ ಸ್ಪರ್ಸ್ ಹೆಸರು ಎತ್ತಿದ್ದಕ್ಕೆ ಒಂದು ಸರಪಣಿ ನೆನಪಾಯ್ತು. ಸ್ವಲ್ಪ ಉದ್ದ, ಸಹಿಸಿಕೊಳ್ಳಿ.

ಬೋರಿಸ್ ಡಿಯಾವ್ ಅಂತ ಫ್ರೆಂಚ್ ಆಟಗಾರ. 2012ರಲ್ಲಿ ಷಾರ್ಲೆಟ್ ಟೀಮ್ ಅವನನ್ನು ಬಿಟ್ಟುಕೊಟ್ಟಿತು. ಆ ವರ್ಷ ಇಡೀ ಲೀಗಿನಲ್ಲಿ ಅತಿ ಕೆಟ್ಟ ಟೀಮ್ ಅದು, ಅಲ್ಲೇ ಬೇಡವಾದವನು! ಸ್ಪರ್ಸ್ ಕರೆದುಕೊಂಡಿತು. 2014ರ ಫೈನಲ್ ಮೂರನೇ ಮ್ಯಾಚಿನಲ್ಲಿ ಪೊಪೊವಿಚ್ ಎತ್ತರದ ಸ್ಪ್ಲಿಟರನ್ನು ಕೂರಿಸಿ ಡಿಯಾವ್‌ನನ್ನು ಮೊದಲ ಐವರಲ್ಲಿ ಇಳಿಸಿದರು. ಅವನ ತಾಕತ್ತು ಪಾಸ್. ಸ್ಪರ್ಸಿನಲ್ಲಿ ಒಂದು ಮಾತಿತ್ತು, ಬಾಲ್ ಕೈಗೆ ಬಂದರೆ ಅರ್ಧ ಸೆಕೆಂಡಿನಲ್ಲಿ ತೀರ್ಮಾನ ಮಾಡು: ಶೂಟ್, ಪಾಸ್, ಇಲ್ಲಾ ನುಗ್ಗು. ಹಿಡಿದುಕೊಂಡು ಯೋಚನೆ ಮಾಡಬೇಡ. ಡಿಯಾವ್ ಹುಟ್ಟಿದ್ದೇ ಅದಕ್ಕೆ ಅನ್ನೋ ಹಾಗೆ ಆಡಿದ. ಮಯಾಮಿ 4–1 ಸೋತಿತು.

ಮುಂದಿನ ವರ್ಷ, 2015ರ ಫೈನಲ್. ಗೋಲ್ಡನ್ ಸ್ಟೇಟ್ ವಾರಿಯರ್ಸ್ 2–1 ಹಿಂದಿದೆ. ನಿಕ್ ಯುರೆನ್ ಅಂತ 28 ವರ್ಷದ ಹುಡುಗ, ಕೋಚ್ ಸ್ಟೀವ್ ಕೆರ್ ಅವರ ಸಹಾಯಕ, ರಾತ್ರಿ ಕೂತು ಈ ಹಳೆ ಫೈನಲ್ ವಿಡಿಯೋ ನೋಡುತ್ತಾನೆ. ಡಿಯಾವ್ ಬಂದ ಮೇಲೆ ಏನಾಯ್ತು ಅಂತ ಕಾಣುತ್ತೆ. ನಾವೂ ಎತ್ತರದ ಬೋಗಟನ್ನು ಕೂರಿಸಿ ಇಗ್ವಡಾಲನನ್ನು ಇಳಿಸೋಣ ಅಂತಾನೆ. ಕೆರ್ ಒಪ್ಪುತ್ತಾರೆ. ಮೂರು ಮ್ಯಾಚ್ ಸಾಲಾಗಿ ಗೆದ್ದು ಕಪ್. ವರ್ಷವೆಲ್ಲ ಬೆಂಚಿನಿಂದ ಬರುತ್ತಿದ್ದ ಇಗ್ವಡಾಲ ಫೈನಲ್ ಎಂವಿಪಿ. ಅಂದ ಹಾಗೆ ಈ ಕೆರ್ ಆಟಗಾರನಾಗಿ ಜಾಕ್ಸನ್ ಕೈಕೆಳಗೂ ಪೊಪೊವಿಚ್ ಕೈಕೆಳಗೂ ಆಡಿದವರು. ಅವರು ಬರುವ ಮುಂಚಿನ ಸೀಸನ್ನಿನಲ್ಲಿ ಇದೇ ಟೀಮ್ ಪಾಸ್ ಎಣಿಕೆಯಲ್ಲಿ ಲೀಗಿಗೇ ಕೊನೆ. 51 ಗೆಲ್ಲುತ್ತಿದ್ದವರು ಇವರು ಬಂದ ವರ್ಷ 67 ಗೆದ್ದರು. ಕರಿ, ಥಾಂಪ್ಸನ್, ಗ್ರೀನ್ ಎಲ್ಲ ಮೊದಲೂ ಅಲ್ಲೇ ಇದ್ದರು.

ಈಗ ಸರಪಣಿಯ ಕೊನೆ ಕೊಂಡಿ. ಅದೇ ಜೂನ್ ತಿಂಗಳು, ಅದೇ 2015, ಡ್ರಾಫ್ಟಿನಲ್ಲಿ ನಮ್ಮ ಡಲ್ಲಾಸ್ ಟೀಮ್ 52ನೆಯವನಾಗಿ ಒಬ್ಬನನ್ನು ಆರಿಸಿತು. ಸತ್ನಾಮ್ ಸಿಂಗ್. ಪಂಜಾಬಿನ ಹಳ್ಳಿ ಹುಡುಗ, ಏಳಡಿ ಎರಡಿಂಚು, ಲೂಧಿಯಾನಾ ಅಕಾಡೆಮಿಯಲ್ಲಿ ಕಲಿತು 14ಕ್ಕೇ ಫ್ಲಾರಿಡಾಗೆ ಬಂದವನು. ಭಾರತದಲ್ಲಿ ಹುಟ್ಟಿ ಎನ್‌ಬಿಎಗೆ ಡ್ರಾಫ್ಟ್ ಆದ ಮೊದಲಿಗ. ನಾವಿಲ್ಲಿ ನಾಲ್ಕೈದು ಮನೆಯವರು ಕೇಸರಿಭಾತ್ ಮಾಡಿ ಹಂಚಿದ್ದೆವು, ಸುಳ್ಳಲ್ಲ. ಕೆಳಗಿನ ಲೀಗಿನ ಟೆಕ್ಸಾಸ್ ಲೆಜೆಂಡ್ಸ್ ಪರ ಆಡಿದ. ಎನ್‌ಬಿಎ ಕೋರ್ಟಿಗೆ ಒಂದು ನಿಮಿಷವೂ ಇಳಿಯಲಿಲ್ಲ. ಆಮೇಲೆ ಕುಸ್ತಿ ಶೋಗಳ ಕಡೆ ಹೋದ.

ಅವನಲ್ಲಿ ಕೊರತೆ ಇರಲಿಲ್ಲ ಅಂತ ಹೇಳಲ್ಲ, ನಿಧಾನ ಇದ್ದ. ಆದರೆ ಎತ್ತರದವನನ್ನು ಕೂರಿಸಿದರೆ ಕಪ್ ಸಿಗುತ್ತೆ ಅಂತ ಎಲ್ಲರಿಗೂ ಗೊತ್ತಾದ ತಿಂಗಳಲ್ಲೇ ಅವನು ಬಾಗಿಲು ತಟ್ಟಿದ್ದ. ಅವನಿಗಾಗಿ ಇದ್ದ ಕೆಲಸವೇ ಮಾಯವಾಗುತ್ತಿತ್ತು.

ಪಿವಟ್_ಅಕ್ಕ

ನಮ್ಮ ಹುಡುಗಿಯರ ಕಥೆಯೂ ಒಂದು ಇದೆ. 2017ರಲ್ಲಿ ಅಂತರರಾಷ್ಟ್ರೀಯ ಬಾಸ್ಕೆಟ್‌ಬಾಲ್ ಸಂಸ್ಥೆ ಫೀಬಾದ ಮಹಿಳಾ ಏಷ್ಯಾ ಕಪ್ ಬೆಂಗಳೂರಿನ ಕಂಠೀರವದಲ್ಲಿ ಆಯ್ತು. ಸರ್ಬಿಯಾದ ಜೋರಾನ್ ವಿಸಿಚ್ ಕೋಚ್. ಬಿ ವಿಭಾಗದ ಫೈನಲ್‌ನಲ್ಲಿ ಭಾರತ ಕಜಕಿಸ್ತಾನವನ್ನು 75–73ಕ್ಕೆ ಸೋಲಿಸಿತು. ಇಡೀ ಸ್ಟೇಡಿಯಂ ನಿಂತಿತ್ತು, ನನ್ನ ಗಂಟಲು ಎರಡು ದಿನ ಬಂದ್. ಗೆದ್ದಿದ್ದಕ್ಕೆ ಎ ವಿಭಾಗಕ್ಕೆ ಬಡ್ತಿ. 2019ರಲ್ಲಿ ಅದೇ ಕಂಠೀರವದಲ್ಲಿ ಜಪಾನ್, ಕೊರಿಯಾ ಎದುರು ನಿಂತಾಗ ಗೊತ್ತಾಯ್ತು ಅಂತರ ಎಷ್ಟು ಅಂತ. ಎಂಟು ಟೀಮಿನಲ್ಲಿ ಎಂಟನೆಯವರು.

ಜಪಾನಿನವರು ಎತ್ತರದಲ್ಲಿ ನಮಗಿಂತ ಅಂಥಾ ದೊಡ್ಡವರೇನಲ್ಲ. ಆದರೆ ಬೆಂಚಿನಿಂದ ಯಾರು ಬಂದರೂ ಆಟ ಒಂದೇ. ಪಾಸ್ ಮಾಡಿದವಳು ನಿಲ್ಲೋದೇ ಇಲ್ಲ. ಕ್ಯಾಂಪಿಗೆ ಸೇರಿಸಿ, ಆಡಿಸಿ, ಮನೆಗೆ ಕಳಿಸಿದರೆ ಅದು ಬರಲ್ಲ. ಇದು ನನ್ನ ಅಭಿಪ್ರಾಯ, ಜಗಳಕ್ಕೆ ಬರುವವರು ಬರಬಹುದು.

ರಾತ್ರಿಪಾಳಿ

ಹತ್ತು ನಿಮಿಷ ಆಯ್ತು, ಆದರೂ ಜಗಳಕ್ಕೆ ಬರಲ್ಲ ಅಕ್ಕ.

ಸಂಜೆ_ಗ್ರೌಂಡ್ (ಮೂರು ವಾರದ ನಂತರ)

ಎಲ್ಲರೂ ಮರೆತಿರಬಹುದು. ಏನಾಯ್ತು ಅಂತ ಹೇಳಬೇಕು ಅನ್ನಿಸಿತು.

ಮೊದಲು ರೆಕಾರ್ಡಿಂಗ್. ಮೇಡಂ, ಒಂದೂವರೆ ಗಂಟೆಯಲ್ಲಿ ನಾನು "ಲೇ" ಅಂತ 63 ಸಲ ಅಂದಿದ್ದೇನೆ. ಇನ್ನು ಎಣಿಸೋಕೆ ಧೈರ್ಯ ಬರಲಿಲ್ಲ.

ಟ್ರಯಾಂಗಲ್ ಬಿಟ್ಟೆ. ಸೀಮೆಸುಣ್ಣವನ್ನೂ ಬಿಟ್ಟೆ. ಮೂರು ಜನ ಮೂರು ಜನ ಆಡಿಸಿದೆ, ಡ್ರಿಬಲ್ ಪೂರ್ತಿ ಬಂದ್. ಬಾಲ್ ಹಿಡಿದವನು "ಒಂದು" ಅನ್ನೋಷ್ಟರಲ್ಲಿ ಕೊಡಬೇಕು. ಮೊದಲ ದಿನ ಗಲಾಟೆಯೋ ಗಲಾಟೆ, ಬಾಲ್ ಚರಂಡಿಗೆ ಹೋಗಿದ್ದೇ ಜಾಸ್ತಿ. ಮೂರನೇ ದಿನ ಒಂದು ವಿಷಯ ಗಮನಿಸಿದೆ. ಯಾರೂ "ಕೊಡೋ" ಅಂತ ಕೂಗುತ್ತಿಲ್ಲ. ಕೂಗುವ ಬದಲು ಓಡುತ್ತಿದ್ದಾರೆ, ಯಾಕೆಂದರೆ ನಿಂತವನಿಗೆ ಬಾಲ್ ಸಿಗೋ ಚಾನ್ಸೇ ಇಲ್ಲ.

ಮಿಂಚುವಿಗೆ ಇದು ಇಷ್ಟ ಆಗಲಿಲ್ಲ. ಅವನ ಡ್ರಿಬಲ್ಲೇ ಕಿತ್ತುಕೊಂಡೆನಲ್ಲ. ಎರಡು ದಿನ ಬರಲೇ ಇಲ್ಲ. ಅವರಮ್ಮ ಅಂಗಡಿಯಲ್ಲಿ ಸಿಕ್ಕಿ "ಏನ್ ಸರ್, ನಮ್ಮ ಹುಡುಗನ್ನ ಆಡಿಸಲ್ಲಂತೆ?" ಅಂತ ಕೇಳಿದರು. ತಪ್ಪು ನನ್ನದೇ. ಎಲ್ಲರಿಗೂ ಯಾಕೆ ಅಂತ ಹೇಳಿದ್ದೆ, ಅವನಿಗೆ ಹೇಳಿರಲಿಲ್ಲ. ಮನೆಗೆ ಹೋಗಿ ಫೋನಿನಲ್ಲಿ 1991ರ ಆ ಪ್ಯಾಕ್ಸನ್ ಶಾಟ್‌ಗಳನ್ನು ತೋರಿಸಿದೆ. ಸುಮ್ನೆ ನೋಡಿದ. ಆಮೇಲೆ ಕೇಳಿದ, "ಸರ್, ಎರಡನೆಯವನು ಬರೋವರೆಗೆ ಡ್ರಿಬಲ್ ಮಾಡಬಹುದಾ?" ನಾನು ವಾರದಿಂದ ಹೇಗೆ ಹೇಳೋದು ಅಂತ ಒದ್ದಾಡುತ್ತಿದ್ದ ನಿಯಮವನ್ನು ಅವನೇ ಹೇಳಿಬಿಟ್ಟ. ಈಗ ಅವನ ಕೆಲಸ ಅದೇ. ಎರಡನೆಯವನನ್ನು ಎಳೆದುಕೊಂಡು ಬಾ, ಬಂದ ತಕ್ಷಣ ಕೊಡು.

ಕನ್ನಡಕದ ಹುಡುಗನನ್ನು ಬಲಗಡೆ ಮೂಲೆಯಲ್ಲಿ ನಿಲ್ಲಿಸಿದೆ. ಗೆರೆಯಿಂದ ಅಲ್ಲ, ಅವನ ಕೈಗೆ ನಿಲುಕುವಷ್ಟು ಒಳಗೆ. ದಿನಾ 40 ಶಾಟ್. ಮೊದಲ ದಿನ 6 ಬಿತ್ತು, ನಿನ್ನೆ 17. ಬಗ್ಗಿದ ರಿಂಗಿನ ಕಡೆ ನಿಂತರೆ ಜಾಸ್ತಿ ಬೀಳುತ್ತೆ ಅಂತ ಅವನೇ ಕಂಡುಹಿಡಿದಿದ್ದಾನೆ! ಎರಡು ತಿಂಗಳಾದ ಮೇಲೆ ಡ್ರಿಬಲ್ ಶುರು ಮಾಡಿಸುತ್ತೇನೆ. ಅಕ್ಕ, ನಿಮ್ಮ ಸೆಮಿಫೈನಲ್ ಮರೆತಿಲ್ಲ.

ಮೊನ್ನೆ ಅದೇ ಟೀಮನ್ನು ನಮ್ಮೂರಿಗೆ ಕರೆಸಿದೆವು. 33–29, ಸೋತೆವು. ಮಿಂಚು 13. ಕನ್ನಡಕ 8.

ರಾತ್ರಿಪಾಳಿ

ಎಂಟು ಪಾಯಿಂಟ್! ಬಗ್ಗಿದ ರಿಂಗ್ ರಿಪೇರಿ ಮಾಡಿಸಬೇಡಿ ಸ್ವಾಮಿ.

ಪಿವಟ್_ಅಕ್ಕ

ಒಂದೇ ಪ್ರಶ್ನೆ. ಕನ್ನಡಕದವನ ಫ್ರೀ ಥ್ರೋ ಹೇಗಿದೆ?

ಸಂಜೆ_ಗ್ರೌಂಡ್

ಐದಕ್ಕೆ ಒಂದು ಅಕ್ಕ. ಅದೂ ಬೋರ್ಡಿಗೆ ಬಡಿದು.